ಒಳಮೈಯ ಹೊಲಿಗೆ

ಕಳೆದ ಶ್ರಾವಣಮಾಸದಲ್ಲಿ ನಮ್ಮ ಓಣಿಯ ಹೆಣ್ಣುಮಕ್ಕಳು ಕೂಡಿ ಮನೆಹೊಲಿಗೆಯ ಒಂದು ಸ್ಪರ್ಧೆಯನ್ನು ಏರ್ಪಡಿಸಿದ್ದರು. ಧಾರವಾಡದ ಓಣಿಗಳಿಗೆ ರಂಗವಲ್ಲಿಯ ಸ್ಪರ್ಧೆ, ಹಾಡಿನ ಸ್ಪರ್ಧೆ, ಅಡಿಗೆಯ ಸ್ಪರ್ಧೆ ಹೊಸವಲ್ಲ. ಹೊಲಿಗೆಯದನ್ನು ಮಾತ್ರ ನಾವು ಕಂಡದ್ದು ಇದೇ ಮೊದಲು. ಪರೀಕ್ಷಕರು ಮೂವರು: ಬಹುಕಾಲ ಹೊಲಿಗೆಯ ಪಾಠ ಹೇಳಿದ ಒಬ್ಬ ಶಿಕ್ಷಕಿಯರು, ಪೇಟೆಯ ಒಬ್ಬ ವೃದ್ಧ ಸಿಂಪಿಗರು, ಮತ್ತು ನಾವು. ಸೂಜಿಗೆ ದಾರ ಪೋಣಿಸಬೇಕಾದರೆ ಎರಡು ಸಲ ಕನ್ನಡಕ ಒರೆಸಿಕೊಳ್ಳುವ ನಮ್ಮನ್ನು ಯಾವ ಯೋಗ್ಯತೆಯ ಮೇಲೆ ಕರೆದಿರೆಂದು ಕೇಳಿದೆವು. "ಇಷ್ಟು ವರ್ಷ ಹುಡುಗರ ಸಂಸ್ಕೃತದಾಗ ತಪ್ಪು ಹುಡುಕಿದವರಿಗೆ ಹೊಲಿಗಿ ತಪ್ಪು ಕಾಣದ ಇರತಾವೇನ್ರಿ?" ಎಂಬ ಉತ್ತರ ಬಂದಿತು. ಅದಕ್ಕೆ ಪ್ರತ್ಯುತ್ತರವಿಲ್ಲದ್ದರಿಂದ ಒಪ್ಪಿಕೊಂಡೆವು.

ನಿಯಮಗಳನ್ನು ಒಂದು ಹಾಳೆಯಲ್ಲಿ ಬರೆದು ಮನೆಮನೆಗೂ ಮುಟ್ಟಿಸಿದ್ದರು. ಉಡುಪನ್ನು ಮನೆಯಲ್ಲಿಯೇ ಹೊಲಿದಿರಬೇಕು, ಕೈಯಿಂದ ಹೊಲಿಯಬಹುದು, ಯಂತ್ರದಿಂದಲೂ ಹೊಲಿಯಬಹುದು, ಹೊಲಿದವರ ಹೆಸರು ಪರೀಕ್ಷಕರಿಗೆ ತಿಳಿಯಕೂಡದು, ಉಡುಪು ಹೊಸದಾಗಿರಬೇಕು. ಈ ಕೊನೆಯ ಮಾತನ್ನು ವಾಚಕರು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕು. ಒಟ್ಟು 14 ಉಡುಪುಗಳು ಬಂದವು.

ನಾವು ಬಣ್ಣ ಬೆಡಗುಗಳನ್ನು ನೋಡುತ್ತ ನಿಂತಿದ್ದಾಗ ಸಿಂಪಿಗರು ಒಂದೊಂದು ಉಡುಪನ್ನೂ ತಿರುವಿ, ಒಳಮೈಯನ್ನು ಹೊರಗೆ ಮಾಡಿ, ಮೊಣಕಾಲ ಮೇಲೆ ಹಾಸಿಕೊಂಡರು. ಮೇಲ್ಮೈಯನ್ನು ಅವರು ನೋಡಿದ್ದು ಕಡೆಗೆ. ಬಟ್ಟೆಯ ಹಾಸು ಮೇಲಿನಿಂದ ಕೆಳಕ್ಕೆ ನೆಟ್ಟಗೆ ಇಳಿದಿರುವದೇ, ಕತ್ತರಿಸಿದ ಅಂಚು ಎಳೆ ಬಿಡದಂತೆ ಕಟ್ಟಿರುವದೇ, ಪಕ್ಕದಲ್ಲಿಯೂ ಬಗಲಲ್ಲಿಯೂ ಎಷ್ಟು ಬಟ್ಟೆಯನ್ನು ಒಳಗೆ ಬಿಟ್ಟಿರುವದು, ಇಷ್ಟೇ ಅವರ ಪರೀಕ್ಷೆ. ಬೆಳೆಯುವ ಹುಡುಗಿಯ ಪರಕಾರಕ್ಕೆ ಕೆಳಗೆ ನಾಲ್ಕು ಬೆರಳು ಅಗಲದ ಮಡಿಕೆಯಿದ್ದರೆ ವರ್ಷಕ್ಕಿಷ್ಟು ಬಿಚ್ಚುತ್ತ ಮೂರು ವರ್ಷ ಉಡಿಸಬಹುದು. ಇಲ್ಲದಿದ್ದರೆ ಬರುವ ಶ್ರಾವಣಕ್ಕೆ ಅದು ತಂಗಿಯ ಪಾಲು. ನೆರಿಗೆ ನೆರಿಗೆಯಾಗಿ ಹೊಲಿದ ಒಂದು ಫ್ರಾಕು ನಮ್ಮ ಕಣ್ಣಿಗೆ ಬಹಳ ಹಿಡಿಸಿತ್ತು. ಸಿಂಪಿಗರು ಅದನ್ನು ಬೆರಳುಗಳ ನಡುವೆ ತಿಕ್ಕಿ, ಗಂಜಿ ಇನ್ನೂ ಹೋಗಿಲ್ಲದ್ದನ್ನು ಕಂಡು, "ಅರಿವಿಗೆ ನೀರು ಕುಡಸದನ ಕತ್ತರಿ ಹಾಕ್ಯಾರ" ಎಂದು ಬದಿಗಿಟ್ಟರು. ಹೊಸ ಹತ್ತಿಯ ಬಟ್ಟೆಯನ್ನು ಒಂದು ರಾತ್ರಿ ನೆನೆಯಿಸಿ ಒಣಗಿಸದೆ ಕತ್ತರಿಸಿದರೆ ಅದು ಕುಗ್ಗುವದು ಮೈಮೇಲೆ ಬಂದಮೇಲೆ.

ಒಂದು ಪೋಲ್ಕಾದ ತೋಳಿಗೆ ಕಸೂತಿ ಹಾಕಿದ್ದರು. ಗೋಪುರ, ತುಳಸಿಯ ಕಟ್ಟೆ ಎರಡೂ ಅಚ್ಚುಕಟ್ಟು. ಆದರೆ ಶಿಕ್ಷಕಿಯರು ತೋಳನ್ನು ತಿರುವಿದೊಡನೆ ಒಳಗೆ ದಾರದ ಗಂಟುಗಳು ಕಾಣಿಸಿಕೊಂಡವು. ಕಸೂತಿಯಲ್ಲಿ ಗವಂತಿ, ಮುರಗಿ, ನೇಗಿ, ಮೆಂತೆ ಎಂದು ನಾಲ್ಕು ಬಗೆಯ ಹೊಲಿಗೆಗಳುಂಟಷ್ಟೆ. ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳದೆ, ಎಳೆಗಳನ್ನು ಎಣಿಸುತ್ತ ಹೋಗಬೇಕು; ಗಂಟು ಹಾಕಕೂಡದು. ಗವಂತಿ ಮತ್ತು ಮುರಗಿಗಳಲ್ಲಂತೂ ಸೂಜಿ ಹೋದ ದಾರಿಯಲ್ಲಿಯೇ ತಿರುಗಿ ಬಂದು ಬಿಟ್ಟ ಎಡೆಗಳನ್ನು ತುಂಬುವದರಿಂದ ಒಳಮೈ ಹೊರಮೈ ಎರಡೂ ಒಂದೇ ಆಗಿ ಕಾಣಬೇಕು. ಯಾರೂ ನೋಡದ ಕಡೆಗೂ ಇಷ್ಟು ಶ್ರಮವೇಕೆಂದು ಕೇಳುವವರಿಗೆ ನಾವು ಹೇಳಬಹುದಾದದ್ದು ಏನೂ ಇಲ್ಲ. ಅಂಥವರು ಶ್ಲೋಕದ ಯತಿಭಂಗವನ್ನೂ ಲೆಕ್ಕಿಸಲಾರರು.

ಹೀಗೆ ನಡೆದಿರಲಾಗಿ ಒಂಬತ್ತನೆಯ ಅಂಕೆಯ ಉಡುಪು ಬಂದಿತು. ಗಂಡಸರ ಒಂದು ಬಿಳಿಯ ಅಂಗಿ. ಹೊರಗೆ ನೋಡಿದರೆ ಶುಭ್ರವಾಗಿತ್ತು, ಅಷ್ಟೇ, ಒಳಗೂ ದೋಷವಿರಲಿಲ್ಲ. ಸಿಂಪಿಗರು ಅದನ್ನು ಕೆಳಗಿಡಲು ಹೋಗಿ ಮತ್ತೆ ಎತ್ತಿಕೊಂಡರು. ಕಾಲರಿನ ಬುಡವನ್ನು ಉಗುರಿನಿಂದ ಸವರಿ, ಕಿಟಕಿಯ ಬೆಳಕಿಗೆ ಹಿಡಿದು, ನಮ್ಮಿಬ್ಬರನ್ನೂ ಹತ್ತಿರಕ್ಕೆ ಕರೆದರು. ಹೊಸ ಹೊಲಿಗೆಯ ಮಗ್ಗುಲಲ್ಲಿ ಅಲ್ಲಲ್ಲಿ ಹಳೆಯ ಹೊಲಿಗೆಯ ಸೂಜಿರಂಧ್ರಗಳು ಕಂಡವು.

ಕಾಲರನ್ನು ತಿರುವಿ ಹೊಲಿದಿದ್ದರು! ಈಗಿನ ಕಾಲದ ವಾಚಕರಲ್ಲಿ ಎಷ್ಟು ಜನರಿಗೆ ಇದು ತಿಳಿದಿರುವದೋ ಕಾಣೆವು. ಅಂಗಿ ಮೊದಲು ಸವೆಯುವದು ಕುತ್ತಿಗೆ ತಿಕ್ಕುವ ಮಡಿಕೆಯಲ್ಲಿ. ಆದರೆ ಕಾಲರಿನ ಕೆಳಮಗ್ಗುಲು ಆಗಲೂ ಹೊಸದಾಗಿಯೇ ಇರುವದು. ಆದಕಾರಣ ಅದನ್ನು ಪಟ್ಟಿಯಿಂದ ಬಿಚ್ಚಿ, ಕೆಳಗಿನದು ಮೇಲೆ ಬರುವಂತೆ ತಿರುವಿ, ಕೂಡಿಸಿ ಹೊಲಿದರೆ ಅಂಗಿಗೆ ಇನ್ನೆರಡು ವರ್ಷದ ಆಯುಷ್ಯ. ಹೇಳಲಿಕ್ಕೆ ಸುಲಭ. ಯಂತ್ರದ ಹೊಲಿಗೆಯಲ್ಲಿ ಮೇಲಿನ ದಾರವೂ ಕೆಳಗಿನ ದಾರವೂ ಬಟ್ಟೆಯ ನಡುವೆ ಒಂದನ್ನೊಂದು ಹಿಡಿದುಕೊಂಡಿರುವವು. ಅಮೇರಿಕೆಯ ಎಲಿಯಾಸ್ ಹೋವ್ ಎಂಬಾತನು 1846ರಲ್ಲಿ ಪೇಟೆಂಟು ಪಡೆದದ್ದು ಇಂಥ ಹೊಲಿಗೆಯ ಯಂತ್ರಕ್ಕೇ. ಸೂಜಿಯ ಕಣ್ಣು ತುದಿಯ ಕಡೆಗೆ ಇರುವದು ಅದರ ಗುಟ್ಟು. ಒಂದು ಕಡೆ ಕಡಿದರೂ ಬೇಗನೆ ಬಿಚ್ಚಿಕೊಳ್ಳದ ಆ ಹೊಲಿಗೆಯನ್ನು ಬಟ್ಟೆಗೆ ಗಾಯವಾಗದಂತೆ ಒಂದೊಂದಾಗಿ ಬಿಡಿಸುವದು ಹೊಲಿಯುವದಕ್ಕಿಂತ ನಿಧಾನದ ಕೆಲಸ. ಅಷ್ಟೇ ಅಲ್ಲದೆ ಆ ಅಂಗಿಯ ಮೊಣಕೈಯಲ್ಲಿ ಒಂದು ರಫುವನ್ನೂ ಸಿಂಪಿಗರು ಹುಡುಕಿ ತೆಗೆದರು. ಅಂಗಿಯ ಕೆಳಗಂಚಿನ ಒಳಮಡಿಕೆಯಿಂದಲೇ ಎಳೆಗಳನ್ನು ಸೆಳೆದು, ಹಾಸಿಗೆ ಹಾಸು, ಹೊಕ್ಕಿಗೆ ಹೊಕ್ಕು ಎಂದು ಸೂಜಿಯಿಂದ ನೇಯ್ದಿದ್ದರು. ಅವರು ತೋರಿಸಿದ ಮೇಲೂ ನಮಗೆ ಅದು ಕಾಣಲು ತಡವಾಯಿತು.

ಸಿಂಪಿಗರು ಇದಕ್ಕೆ ಮೊದಲನೆಯ ಬಹುಮಾನ ಸಲ್ಲತಕ್ಕದ್ದೆಂದರು. ಶಿಕ್ಷಕಿಯರು ನಿಯಮದ ಹಾಳೆಯನ್ನು ಮುಂದಿಟ್ಟರು. ಕೆಲಸವನ್ನು ಅವರೂ ಮನಸಾರೆ ಮೆಚ್ಚಿದರು. ಆದರೆ ಅಂಗಿ ಹೊಸದಲ್ಲ. ಸೂತ್ರವೆಂದರೆ ನೂಲೂ ಹೌದು, ನಿಯಮವೂ ಹೌದು. ಒಂದು ಸೂತ್ರವು ಇನ್ನೊಂದು ಸೂತ್ರವನ್ನು ಕಡಿಯಿತು. ಉಳಿದ ಹದಿಮೂರು ಜನ ನಿಯಮವನ್ನು ನಂಬಿ ಹೊಲಿದಿದ್ದರಾದ್ದರಿಂದ ಅದನ್ನು ನಡುವೆ ಬದಲಿಸುವದು ನ್ಯಾಯವಾಗುತ್ತಿರಲಿಲ್ಲ. ಗುಳೇದಗುಡ್ಡದ ಖಣದಲ್ಲಿ ಹೊಲಿದ ಒಂದು ಪರಕಾರ-ಪೋಲ್ಕಾಕ್ಕೆ ಬಹುಮಾನ ಹೋಯಿತು. ಅದೂ ಯೋಗ್ಯವಾದದ್ದೇ.

ಬಹುಮಾನದ ದಿವಸ ಹೆಸರುಗಳು ತಿಳಿದವು. ಒಂಬತ್ತನೆಯ ಅಂಕೆ ಓಣಿಯ ಕೊನೆಯ ಮನೆಯ ಒಬ್ಬ ತಾಯಿಯದು. ಗಂಡನಿಲ್ಲ, ದುಡಿಯುವ ಮಗ ಒಬ್ಬನು. "ಪಾಪ, ಹಳೇ ಅಂಗಿ ಕಳಿಸ್ಯಾರ" ಎಂಬ ಪಿಸುಮಾತು ನಮ್ಮ ಕಿವಿಗೇ ಬಿದ್ದಿತೆಂದಮೇಲೆ ಅವರ ಕಿವಿಗೆ ಬೀಳದೆ ಇದ್ದೀತೆ? ಅವರು ಅಂಗಿಯನ್ನು ನಾಲ್ಕು ಮಡಿಕೆ ಮಾಡಿ ಸೆರಗಿನಲ್ಲಿಟ್ಟುಕೊಂಡು, "ಸೋಮವಾರ ಮಗ ಕೆಲಸಕ್ಕ ಹಾಕ್ಕೊಂಡು ಹೋಗಬೇಕ್ರಿ" ಎಂದು ಹೊರಟುಹೋದರು.

ಆ 'ಪಾಪ' ಎಂಬ ಮಾತು ನಮ್ಮನ್ನು ಕೆಲವು ದಿವಸ ಬಿಡಲಿಲ್ಲ. ನಮ್ಮ ಹಿರಿಯರು ಈ ಕೆಲಸವನ್ನು ಕೀಳೆಂದು ಎಣಿಸಿದವರಲ್ಲ. ಋಗ್ವೇದದ ಎರಡನೆಯ ಮಂಡಲದಲ್ಲಿ ರಾಕಾದೇವಿಯನ್ನು ಬೇಡುವದು, ಮುರಿಯದ ಸೂಜಿಯಿಂದ ನಮ್ಮ ಕೆಲಸವನ್ನು ಹೊಲಿದುಕೊಡೆಂದು. ಅಮರಸಿಂಹನು ನೇಯುವವನಿಗೆ ತಂತುವಾಯನೆಂದೂ ಹೊಲಿಯುವವನಿಗೆ ತುನ್ನವಾಯನೆಂದೂ ಜೋಡಿಹೆಸರುಗಳನ್ನು ಕೊಟ್ಟಿದ್ದಾನೆ, ತುನ್ನವೆಂದರೆ ಚುಚ್ಚಲ್ಪಟ್ಟದ್ದು. ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆಯೆಂಬವರ ಹೆಸರಿನಲ್ಲಿಯೇ ಸೂಜಿಯಿರುವದು. ನಮಗೆ ಬೇಕಾದ ಮಾತು ಮಾತ್ರ ದೊರೆತದ್ದು ಬೇರೆ ಕಡೆ. ವಾತ್ಸ್ಯಾಯನನು ಎಣಿಸಿದ ಅರವತ್ತನಾಲ್ಕು ಕಲೆಗಳಲ್ಲಿ ಸೂಜಿಯ ಕೆಲಸವೂ ಒಂದು. ಅದಕ್ಕೆ ಜಯಮಂಗಲಾ ಎಂಬ ವ್ಯಾಖ್ಯಾನವನ್ನು ಬರೆದ ಯಶೋಧರನು ಈ ಕಲೆಯನ್ನು ಮೂರು ಪಾಲು ಮಾಡುವನು: ಕಂಚುಕ ಮೊದಲಾದವನ್ನು ಹೊಲಿಯುವದು ಮೊದಲನೆಯದು, ಹರಿದ ಬಟ್ಟೆಯನ್ನು ಕೂಡಿಸುವದು ಎರಡನೆಯದು, ಹೊದಿಕೆ ಹಾಸಿಗೆಗಳನ್ನು ರಚಿಸುವದು ಮೂರನೆಯದು. ಅಂದಮೇಲೆ ಹರಿದದ್ದನ್ನು ಕೂಡಿಸುವದು ಬಡತನದ ಉಪಾಯವಲ್ಲ, ಒಂದು ಕಲೆಯ ಮೂರರಲ್ಲೊಂದು ಪಾಲು. ಹೀಗೆಂದು ಸ್ಪರ್ಧೆಯನ್ನು ನಡೆಯಿಸಿದವರಿಗೆ ನಾವು ಒಂದು ಕಾಗದ ಬರೆದು, ಮುಂದಿನ ವರ್ಷ ಮೂರು ವಿಭಾಗಗಳನ್ನು ಮಾಡಬೇಕೆಂದು ಕೇಳಿಕೊಂಡೆವು. ದುರಸ್ತಿಯ ವಿಭಾಗಕ್ಕೆ ಒಪ್ಪಿದ್ದಾರೆ. ಕೌದಿಗೆ ಇನ್ನೂ ಒಪ್ಪಿಲ್ಲ. ಅಷ್ಟು ಕೌದಿಗಳನ್ನು ಹಾಸಿ ತೋರಿಸಲು ಸ್ಥಳವೆಲ್ಲಿ ಎಂಬ ಅಡಚಣೆ. ಹಳಿಯಾಳ ಯಲ್ಲಾಪುರಗಳ ಕಡೆಯ ಸಿದ್ದಿ ಹೆಣ್ಣುಮಕ್ಕಳು ಹಳೆಯ ಬಟ್ಟೆಯ ತುಂಡುಗಳನ್ನು ಅಂಚಿನಿಂದ ನಡುವಿನವರೆಗೆ ಸುತ್ತುತ್ತ ಹೊಲಿದು, ಮೂಲೆಗಳಿಗೆ ಮಡಚಿದ ತುಂಡುಗಳ ಹೂವನ್ನಿಟ್ಟಲ್ಲದೆ ಕೌದಿ ಮುಗಿಯಿತೆನ್ನುವದಿಲ್ಲ. ಅಂಥದೊಂದನ್ನು ತಂದು ತೋರಿಸಿದರೆ ಸ್ಥಳವು ತಾನಾಗಿಯೇ ಹುಟ್ಟೀತೆಂದು ನಮ್ಮ ಆಸೆ.

ಈ ನಡುವೆ ನಮ್ಮ ಮನೆಯಲ್ಲಿಯೇ ಹೊಸ ಉಡುಪುಗಳ ಆಲೋಚನೆ ಎದ್ದಿತು. ಮಗಳು ಬಾಣಂತನಕ್ಕೆ ಬಂದಿದ್ದಾಳೆ; ಕೂಸಿಗೆ ಮೂರು ತಿಂಗಳು. ಚಳಿ ಬೀಳುವದರೊಳಗೆ ಒಂದು ಕುಂಚಿಗೆಯೂ ಎರಡು ಅಂಗಿಗಳೂ ಬೇಕು. ನಮ್ಮ ತಾಯಿಯವರದೊಂದು ಇಳಕಲ್ಲ ಸೀರೆ ಟ್ರಂಕಿನಲ್ಲಿದೆ. ಒಡಲು ನೂಲಿನದು, ಸೆರಗು ಕೆಂಪು ರೇಶ್ಮೆಯದು, ತೋಪುತೆನೆಯದು. ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಮಗ್ಗದ ಮೇಲೆಯೇ ಕೂಡಿಸುವದು ಇಳಕಲ್ಲಿನ ನೇಕಾರರ ವಿಶೇಷ. ಮಗಳು ಅದನ್ನು ಕತ್ತರಿಸೋಣವೆಂದಳು. ನಮ್ಮ ಮನೆಯವರು ತಮ್ಮ ಅತ್ತೆಯ ಸೀರೆಗೆ ಕತ್ತರಿ ತಾಕಿಸಗೊಡೆನೆಂದರು. ನಾವು ಇಬ್ಬರಿಗೂ ತಲೆಯಾಡಿಸಿದೆವು. ಸೀರೆಯನ್ನು ಬಿಚ್ಚಿ ನೋಡಿದರೆ ರೇಶ್ಮೆ ಮಡಿಕೆಗುಂಟ ಗೆರೆ ಎಳೆದಂತೆ ಸೀಳಿದ್ದಿತು. ಯಾರೂ ಉಡದೆ, ಇಟ್ಟಲ್ಲಿಯೇ. ಮಗಳು, "ಅವ್ವಾ, ಮಡಚಿಟ್ರೂ ಹರೀತದ, ಉಟ್ರೂ ಹರೀತದ, ಕೂಸಿನ ಮೈಮ್ಯಾಲಾದ್ರೂ ಹರೀಲಿ" ಎಂದಳು. ನಮ್ಮ ಮನೆಯವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಎದ್ದು, ಚಪ್ಪಲಿ ಮೆಟ್ಟಿಕೊಂಡು, ಓಣಿಯ ಕೊನೆಯ ಮನೆಗೆ ಹೋಗಿ ಆ ತಾಯಿಯನ್ನು ಕರೆದುಕೊಂಡು ಬಂದರು.

ಅವರು ಸೆರಗನ್ನು ಬೆಳಕಿಗೆ ಹಿಡಿದು ನೋಡಿ ಹೇಳಿದ್ದಿಷ್ಟು. ಸೀಳಿದ ಮಡಿಕೆಗಳಿಗೆ ರಫು ನಿಲ್ಲದು, ಎಳೆಯೇ ಸತ್ತಿದೆ. ಅಲ್ಲಿಯೇ ಕತ್ತರಿಸಿ ನಡುವಿನ ಗಟ್ಟಿಯಾದ ಭಾಗಗಳನ್ನು ಮಾತ್ರ ತೆಗೆಯಬೇಕು. ಅವುಗಳ ಹಿಂದೆ ತೆಳ್ಳಗಿನ ಹತ್ತಿಯ ಬಟ್ಟೆಯನ್ನು ಕಚ್ಚಾ ಹೊಲಿಗೆಯಿಂದ ಕೂಡಿಸಿಕೊಂಡರೆ ಎಳೆತದ ಭಾರವನ್ನು ಹತ್ತಿ ಹೊರುವದು, ರೇಶ್ಮೆ ಹೊರದು. ಕುಂಚಿಗೆಗೆ ಸೆರಗು ಸಾಕು. ಒಡಲಿನ ನೂಲು ಉಟ್ಟುಟ್ಟು ಮೆತ್ತಗಾಗಿರುವದರಿಂದ ಕೂಸಿನ ಅಂಗಿಗಳಿಗೆ ಅದಕ್ಕಿಂತ ಒಳ್ಳೆಯ ಬಟ್ಟೆ ಪೇಟೆಯಲ್ಲಿ ಸಿಕ್ಕದು. ಹೊಲಿಗೆಯ ಗಡುಸು ಮೈಗೆ ಒತ್ತದಂತೆ ಅಂಗಿಯ ಅಂಚುಗಳನ್ನು ಹೊರಮೈಗೆ ಮಡಚಬೇಕು. ಉಳಿದದ್ದು ಕೌದಿಗೆ. ಕೂಲಿಯ ಮಾತನ್ನು ಅವರೂ ನಮ್ಮ ಮನೆಯವರೂ ಅಡಿಗೆಯ ಮನೆಯಲ್ಲಿ ಆಡಿ ಮುಗಿಸಿದರು, ನಮಗೆ ತಿಳಿಯಗೊಡಲಿಲ್ಲ.

ಬರುವ ಬುಧವಾರ ಕತ್ತರಿ ಹಾಕುವದೆಂದು ಗೊತ್ತಾಗಿದೆ. ಆ ಮಧ್ಯಾಹ್ನ ನಾವು ವಾಚನಾಲಯಕ್ಕೆ ಹೋಗತಕ್ಕದ್ದೆಂದೂ, ಕರೆಕಳುಹಿಸುವವರೆಗೆ ಮನೆಗೆ ಬರಕೂಡದೆಂದೂ ನಮಗೆ ಅಪ್ಪಣೆಯಾಗಿದೆ.