ಪೆಸೆಟಾ ಎಂಬ ಚೂರು

೨೦೨೧ರ ಜೂನ್ ತಿಂಗಳ ಕೊನೆಯ ದಿನಗಳಲ್ಲಿ ಮ್ಯಾಡ್ರಿಡ್ ನಗರದ ಸ್ಪೇನ್ ಬ್ಯಾಂಕಿನ ಮುಂದೆ ಉದ್ದುದ್ದ ಸಾಲುಗಳು ನಿಂತಿದ್ದವು. ಮನೆಯ ಮೂಲೆಗಳಲ್ಲಿ ಮರೆತುಹೋಗಿದ್ದ ಪೆಸೆಟಾಗಳನ್ನು ಯೂರೋಗೆ ಬದಲಾಯಿಸಿಕೊಳ್ಳಲು ಅದೇ ಕಡೆಯ ಅವಕಾಶ. ೧೬೬ ಪೆಸೆಟಾ, ಮೇಲೊಂದಿಷ್ಟು ಚಿಲ್ಲರೆ ಕೊಟ್ಟರೆ ಒಂದು ಯೂರೋ. ಜೂನ್ ೩೦ ಕಳೆಯಿತು. ಮರಳಿ ಬಾರದೆ ಉಳಿದ ನೋಟು, ನಾಣ್ಯಗಳ ಬೆಲೆ ೧೫೦ ಕೋಟಿ ಯೂರೋಗೂ ಹೆಚ್ಚು. ಅಂದಿನಿಂದ ಅವು ಬರಿಯ ಕಾಗದ, ಬರಿಯ ಲೋಹ.

ಹಣ ಹೋಯಿತು, ಅದರ ಹೆಸರಿನ ವ್ಯಾಜ್ಯ ಮಾತ್ರ ತೀರಲಿಲ್ಲ. ‘ಪೆಸೊ’ ಎಂದರೆ ತೂಕ, ಅದರ ಕಿರುರೂಪವೇ ಪೆಸೆಟಾ ಎಂಬುದು ಒಂದು ಪಕ್ಷ. ಕತಲಾನ್ ನುಡಿಯ ಪಕ್ಷದವರು ಇದನ್ನು ಒಪ್ಪರು. ಅವರಲ್ಲಿ ‘ಪೆಸಾ’ ಎಂದರೆ ತುಂಡು. ಪೆಸೆಟಾ ಎಂದರೆ ಸಣ್ಣ ತುಂಡು, ಚೂರು. ೧೭೩೭ರಲ್ಲಿ ಸ್ಪೇನಿನ ಅಕಾಡೆಮಿಯ ನಿಘಂಟು ಎರಡು ಬೆಳ್ಳಿ ರಿಯಾಲಿನ ನಾಣ್ಯಕ್ಕೆ ಈ ಹೆಸರುಂಟೆಂದು ದಾಖಲಿಸಿ, ಇದು ಹೊಸದಾಗಿ ಬಳಕೆಗೆ ಬಂದ ಮಾತೆಂದು ಸೇರಿಸಿತು. ಮುಂದೆ ನೆಪೋಲಿಯನ್ನನ ಸೇನೆ ಬಾರ್ಸಿಲೋನಾ ನಗರವನ್ನು ಹಿಡಿದಿದ್ದಾಗ ಅಲ್ಲಿಯ ಟಂಕಸಾಲೆಯಿಂದ ‘ಪೆಸೆಟಾ’ ಎಂದೇ ಅಚ್ಚೊತ್ತಿದ ನಾಣ್ಯಗಳು ಹೊರಬಿದ್ದವು. ೧೮೬೮ರ ಅಕ್ಟೋಬರ್ ೧೯ರಂದು ಅದನ್ನು ಇಡೀ ದೇಶದ ನಾಣ್ಯವಾಗಿಸಿದ ಅರ್ಥಮಂತ್ರಿ ಲೌರೆಯಾನೊ ಫಿಗೆರೋಲಾ ಸಹ ಕತಲಾನನೇ. ಮಂತ್ರಿಯ ಊರು ಪದದ ಹುಟ್ಟಿಗೆ ಸಾಕ್ಷಿಯಾಗದು, ನಿಜ. ಆದರೂ ತಕ್ಕಡಿ ಕತಲಾನರ ಕಡೆಗೇ ವಾಲುವಂತಿದೆ.

ವಾಲಿದರೆ ಅದರಲ್ಲೊಂದು ವಿಚಿತ್ರವೂ ಉಂಟು. ೧೯೩೯ರ ಬಳಿಕ ಜನರಲ್ ಫ್ರಾಂಕೋನ ಆಳ್ವಿಕೆ ಕತಲಾನ್ ನುಡಿಯನ್ನು ಶಾಲೆ, ಕಚೇರಿಗಳಿಂದ ಹೊರದೂಡಿತು. ಆದರೆ ಅವನ ಮುಖವನ್ನೇ ಹೊತ್ತ ನಾಣ್ಯದ ಇನ್ನೊಂದು ಬದಿಯಲ್ಲಿ ಆ ನುಡಿಯ ಪದ ನಿಶ್ಚಿಂತೆಯಿಂದ ಕುಳಿತಿತ್ತು. ನುಡಿಯನ್ನು ನಿಷೇಧಿಸಿದ ಅಧಿಕಾರಿಗಳು ತಿಂಗಳು ತಿಂಗಳೂ ಸಂಬಳವನ್ನು ಎಣಿಸಿಕೊಂಡುದು ಅದೇ ಪದದಿಂದ.

ಜನರು ಪಂಡಿತರ ತೀರ್ಪಿಗೆ ಕಾಯಲಿಲ್ಲ. ಐದು ಪೆಸೆಟಾ ನಾಣ್ಯವನ್ನು ‘ದೂರೊ’, ಅಂದರೆ ಗಟ್ಟಿ, ಎಂದರು. ಹಿತ್ತಾಳೆಯ ಬಣ್ಣದ ಒಂದು ಪೆಸೆಟಾ ‘ರುಬಿಯಾ’ ಆಯಿತು, ಹೊಂಗೂದಲ ಹೆಣ್ಣು. ೧೮೭೦ರ ತಾಮ್ರದ ಚಿಲ್ಲರೆಯ ಮೇಲೆ ಸರ್ಕಾರ ಸಿಂಹವನ್ನು ಕೆತ್ತಿಸಿತ್ತು. ಜನರ ಕಣ್ಣಿಗೆ ಅದು ನಾಯಿಯಾಗಿ ಕಂಡಿತು. ಹತ್ತು ಸೆಂಟಿಮೊ ‘ದಪ್ಪ ಹೆಣ್ಣುನಾಯಿ’, ಐದು ಸೆಂಟಿಮೊ ‘ಸಣ್ಣ ಹೆಣ್ಣುನಾಯಿ’. ಕೈಯಲ್ಲಿ ಕಾಸಿಲ್ಲ ಎನ್ನುವುದಕ್ಕೆ ಸ್ಪೇನಿನವರು ಇಂದಿಗೂ ‘ಒಂದು ನಾಯಿಯೂ ಇಲ್ಲ’ ಎನ್ನುವುದುಂಟು.