ಮುಖವೇ ಸಾಕ್ಷಿಯಾದಾಗ

ಕೆಲವು ನಟರ ಮುಖ ನಮಗೆ ಚೆನ್ನಾಗಿ ಗೊತ್ತಿರುತ್ತದೆ, ಹೆಸರು ಮಾತ್ರ ಗೊತ್ತಿರುವುದಿಲ್ಲ. ನಾಯಕ ಬಂದಾಗ ಶಿಳ್ಳೆ ಹೊಡೆಯುತ್ತೇವೆ, ನಾಯಕಿ ಅತ್ತಾಗ ಕಣ್ಣೊರೆಸಿಕೊಳ್ಳುತ್ತೇವೆ. ಆದರೆ ಬಾಗಿಲ ಮರೆಯಲ್ಲಿ ನಿಂತು ಇಣುಕಿದವನು ಯಾರು, ಮೊದಲರ್ಧದಲ್ಲೇ ಗುಂಡೇಟು ತಿಂದು ಸತ್ತವನು ಯಾರು ಎಂದು ಕೇಳಿದರೆ ತಲೆ ಕೆರೆದುಕೊಳ್ಳುತ್ತೇವೆ. ಪೋಷಕ ನಟರ ಪಾಡು ಎಲ್ಲ ದೇಶಗಳಲ್ಲೂ ಹೆಚ್ಚುಕಡಿಮೆ ಇಷ್ಟೇ.

ಪೀಟರ್ ಲೋರೆಯ ಮುಖವನ್ನು ನಾವು ಮೊದಲು ನೋಡಿದ್ದು ತೊಂಬತ್ತರ ದಶಕದಲ್ಲಿ, ಕರಾವಳಿಯ ಒಂದು ಕಾಲೇಜು ಹಾಸ್ಟೆಲಿನ ಊಟದ ಹಾಲಿನಲ್ಲಿ. ಇಂಗ್ಲಿಷ್ ಮೇಷ್ಟ್ರು 'ಕಾಸಾಬ್ಲಾಂಕಾ' ಚಿತ್ರದ ಕ್ಯಾಸೆಟ್ ತಂದಿದ್ದರು. ಬಾಡಿಗೆಯ ವಿಸಿಆರ್ ಮುಂದೆ ಬೆಂಚುಗಳನ್ನು ಸಾಲಾಗಿ ಹಾಕಿ ಕುಳಿತೆವು. ಎರಡನೇ ಮಹಾಯುದ್ಧದ ಕಾಲದ ಕತೆ ಅದು. ಹಿಟ್ಲರನ ಕೈಯಿಂದ ತಪ್ಪಿಸಿಕೊಂಡು ಅಮೆರಿಕಕ್ಕೆ ಹೋಗಬೇಕೆಂಬ ನಿರಾಶ್ರಿತರು ಮೊರಾಕ್ಕೋದ ಆ ಊರಿನಲ್ಲಿ ಪರವಾನಗಿಗಾಗಿ ಕಾಯುತ್ತಿರುತ್ತಾರೆ. ಅಂಥವರಿಗೆ ಕಾಗದಪತ್ರ ಮಾರಿ ದುಡ್ಡು ಮಾಡುವ ದಲ್ಲಾಳಿ ಉಗಾರ್ಟೆ. ಪೊಲೀಸರು ಹಿಡಿಯಲು ಬಂದಾಗ ಆತ ನಾಯಕ ರಿಕ್‌ನ ಬಳಿ ಓಡಿ ಹೋಗಿ ನನ್ನನ್ನು ಬಚ್ಚಿಡು ಎಂದು ಅಂಗಲಾಚುತ್ತಾನೆ. ರಿಕ್ ನೆರವಿಗೆ ಬರುವುದಿಲ್ಲ. ಅಲ್ಲಿಗೆ ಉಗಾರ್ಟೆಯ ಪಾತ್ರ ಮುಗಿಯಿತು. ತೆರೆಯ ಮೇಲೆ ಅವನಿರುವುದು ಕೆಲವೇ ನಿಮಿಷ.

ಆ ಗಿಡ್ಡ ಆಳು, ದುಂಡು ಮುಖ, ಹೊರಗೆ ಚಾಚಿದಂತಿರುವ ದೊಡ್ಡ ಕಣ್ಣು, ಗುಟ್ಟು ಹೇಳುವಂಥ ಮೆಲುದನಿ! ನೋಡಿದ ಕೂಡಲೇ ನಾವೆಲ್ಲ ಹಿಂದಿನ ಬೆಂಚಿಗೆ ತಿರುಗಿ ನಕ್ಕೆವು. ಅಲ್ಲಿ ನಮ್ಮ ಕೋಣೆಯ ಗೆಳೆಯನೊಬ್ಬ ಕುಳಿತಿದ್ದ. ಅವನದೂ ಅದೇ ಕಣ್ಣು, ಅದೇ ದನಿ. ವಾರ್ಷಿಕೋತ್ಸವದ ನಾಟಕಗಳಲ್ಲಿ ಕಳ್ಳನ ಪಾತ್ರವಿದ್ದರೆ ಅದು ಅವನಿಗೇ ಮೀಸಲು. ನಿನಗೆ ಮೇಕಪ್ಪೇ ಬೇಡ ಮಾರಾಯ ಎಂದು ನಾವು ತಮಾಷೆ ಮಾಡುತ್ತಿದ್ದೆವು. ಅವನೂ ನಗುತ್ತಿದ್ದ. ಆ ರಾತ್ರಿಯಿಂದ ಅವನ ಹೆಸರು ಉಗಾರ್ಟೆ ಎಂದಾಯಿತು.

ಉಗಾರ್ಟೆಯ ವೇಷ ಹಾಕಿದ್ದ ನಟ ಯಾರು ಎಂದು ನಮಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ.

ಲೋರೆಯ ಹುಟ್ಟುಹೆಸರು ಲಾಸ್ಲೋ ಲೋವೆನ್‌ಸ್ಟೈನ್. 1904ರ ಜೂನ್ 26ರಂದು ಅಂದಿನ ಹಂಗೇರಿಯ ಒಂದು ಸಣ್ಣ ಪಟ್ಟಣದಲ್ಲಿ, ಜರ್ಮನ್ ಮಾತಾಡುವ ಯಹೂದಿ ಕುಟುಂಬದಲ್ಲಿ ಹುಟ್ಟಿದ. ಗಡಿಗಳು ಬದಲಾಗಿ ಆ ಊರು ಈಗ ಸ್ಲೊವಾಕಿಯಾಕ್ಕೆ ಸೇರಿದೆ. ಚಿಕ್ಕಂದಿನಲ್ಲೇ ತಾಯಿ ತೀರಿಕೊಂಡರು. ಕುಟುಂಬ ವಿಯೆನ್ನಾಕ್ಕೆ ಬಂದ ಮೇಲೆ ಕೆಲಕಾಲ ಬ್ಯಾಂಕೊಂದರಲ್ಲಿ ಕೆಲಸ ಮಾಡಿದ. ಮನಸ್ಸೆಲ್ಲ ನಾಟಕದ ಕಡೆಗಿತ್ತು. ರಂಗಭೂಮಿಗೆ ಬಂದಾಗ ಪೀಟರ್ ಲೋರೆಯಾದ. 1920ರ ದಶಕದ ಕೊನೆಯಲ್ಲಿ ಬರ್ಲಿನ್ ಸೇರಿ ಬ್ರೆಕ್ಟ್‌ನ ಬಳಗದವನಾದ.

1931ರಲ್ಲಿ ಬ್ರೆಕ್ಟ್ ತಾನೇ ನಿರ್ದೇಶಿಸಿದ ತನ್ನ 'ಮನುಷ್ಯ ಎಂದರೆ ಮನುಷ್ಯ' ನಾಟಕದಲ್ಲಿ ಲೋರೆಗೆ ಮುಖ್ಯ ಪಾತ್ರ ಸಿಕ್ಕಿತು. ಈ ನಾಟಕ ನಡೆಯುವುದು ಬ್ರಿಟಿಷರ ಕಾಲದ ಭಾರತದಲ್ಲಿ, ಅದೂ ಬ್ರೆಕ್ಟ್ ಕಲ್ಪನೆಯಲ್ಲಿ ಕಂಡ ಭಾರತದಲ್ಲಿ. ಮೀನು ತರಲು ಮನೆಯಿಂದ ಹೊರಟ ಒಬ್ಬ ಸಾಧು ಕೂಲಿಯಾಳನ್ನು ಸಿಪಾಯಿಗಳು ಪುಸಲಾಯಿಸಿ, ಅವನ ಹೆಸರನ್ನು ಕಳಚಿ, ಬೇರೊಬ್ಬ ಸಿಪಾಯಿಯ ಹೆಸರನ್ನು ಅವನಿಗೆ ತೊಡಿಸಿಬಿಡುತ್ತಾರೆ. ಕೊನೆಗೆ ಆತ ತಾನು ಯಾರೆಂಬುದನ್ನೇ ಮರೆತು ಯುದ್ಧದ ಯಂತ್ರವಾಗುತ್ತಾನೆ. ಲೋರೆಯ ಮುಂದಿನ ಬದುಕಿಗೆ ಈ ನಾಟಕ ಮುನ್ನುಡಿ ಬರೆದಂತಿತ್ತು.

ಅದೇ ವರ್ಷ ಫ್ರಿಟ್ಜ್ ಲಾಂಗ್‌ನ 'ಎಂ' ಚಿತ್ರ ಬಂತು. ಮಕ್ಕಳನ್ನು ಕೊಲ್ಲುವ ಹಾನ್ಸ್ ಬೆಕರ್ಟ್ ಎಂಬವನ ಪಾತ್ರ ಲೋರೆಯದು. ಕೊಲೆಗಾರನನ್ನು ಹಿಡಿಯಲು ಪೊಲೀಸರಿಂದ ಆಗುವುದಿಲ್ಲ. ಪೊಲೀಸರ ಕಾಟದಿಂದ ತಮ್ಮ ದಂಧೆ ಕೆಡುತ್ತಿದೆಯೆಂದು ಊರಿನ ಕಳ್ಳಕಾಕರೇ ಅವನ ಬೇಟೆಗೆ ಇಳಿಯುತ್ತಾರೆ. ಬಲೂನು ಮಾರುವ ಒಬ್ಬ ಕುರುಡ ಕೊಲೆಗಾರನ ಶಿಳ್ಳೆಯ ರಾಗದಿಂದ ಅವನ ಗುರುತು ಹಿಡಿಯುತ್ತಾನೆ. ಲೋರೆಗೆ ಶಿಳ್ಳೆ ಹಾಕಲು ಬರುತ್ತಿರಲಿಲ್ಲ, ಚಿತ್ರದಲ್ಲಿ ಕೇಳುವುದು ಬೇರೆಯವರ ಶಿಳ್ಳೆ. ಒಬ್ಬ ಯುವಕ ಅಂಗೈಯಲ್ಲಿ ಸೀಮೆಸುಣ್ಣದಿಂದ 'ಎಂ' ಎಂದು ಬರೆದುಕೊಂಡು, ಎಡವಿದವನಂತೆ ನಟಿಸಿ ಕೊಲೆಗಾರನ ಭುಜಕ್ಕೆ ಕೈ ತಟ್ಟುತ್ತಾನೆ. ಜರ್ಮನ್ ಭಾಷೆಯಲ್ಲಿ ಕೊಲೆಗಾರ ಎಂಬ ಪದದ ಮೊದಲ ಅಕ್ಷರ ಅದು. ಬೆಕರ್ಟ್ ಕನ್ನಡಿಯಲ್ಲಿ ತನ್ನ ಭುಜದ ಮೇಲಿನ ಗುರುತನ್ನು ಕಾಣುವ ಆ ಗಳಿಗೆಯನ್ನು ನೋಡಿದವರು ಮರೆಯಲಾರರು.

ಕೊನೆಗೆ ಒಂದು ನೆಲಮಾಳಿಗೆಯಲ್ಲಿ ಕಳ್ಳರ ನ್ಯಾಯಾಲಯ ಕೂಡುತ್ತದೆ. ಕೊಂದುಬಿಡಿ ಎಂದು ಗುಂಪು ಕೂಗುತ್ತದೆ. ಬೆಕರ್ಟ್ ಮೊಣಕಾಲೂರಿ ಚೀರುತ್ತಾನೆ: ತನ್ನೊಳಗೆ ಏನೋ ಹೊಕ್ಕು ಬೆನ್ನಟ್ಟುತ್ತದೆ, ಅದರಿಂದ ತಪ್ಪಿಸಿಕೊಳ್ಳಲು ತನ್ನಿಂದಾಗುವುದಿಲ್ಲ ಎನ್ನುತ್ತಾನೆ. ಅವನು ಮಾಡಿದ್ದು ಕ್ಷಮಿಸುವಂಥದ್ದಲ್ಲ. ಆದರೂ ಗುಂಪಿಗೆ ಅವನನ್ನು ಕೊಲ್ಲುವ ಹಕ್ಕಿದೆಯೇ ಎಂದು ಕೇಳಿಕೊಳ್ಳದೆ ನಮ್ಮಿಂದ ಆ ದೃಶ್ಯವನ್ನು ನೋಡಲಾಗುವುದಿಲ್ಲ. ಅದು ನಟನೆಯ ಶಕ್ತಿ. ಇಪ್ಪತ್ತಾರು ವರ್ಷದ ಯುವಕ ಒಂದೇ ಚಿತ್ರದಿಂದ ಹೆಸರುವಾಸಿಯಾದ.

1933ರ ಜನವರಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಅದೇ ವರ್ಷ ಲೋರೆ ಜರ್ಮನಿ ಬಿಟ್ಟು ಪ್ಯಾರಿಸ್‌ಗೆ ಓಡಿದ. ಅಲ್ಲಿಂದ ಲಂಡನ್. ಹಿಚ್‌ಕಾಕ್‌ನ ಚಿತ್ರವೊಂದರಲ್ಲಿ ಅವಕಾಶವಿತ್ತು, ಇಂಗ್ಲಿಷ್ ಮಾತ್ರ ಬರುತ್ತಿರಲಿಲ್ಲ. ಹಿಚ್‌ಕಾಕ್ ಕತೆ ಹೇಳುವಾಗ ನಗಬೇಕಾದ ಜಾಗವನ್ನು ಅವನ ಮುಖ ನೋಡಿ ಊಹಿಸಿ, ಜೋರಾಗಿ ನಕ್ಕು ಕೆಲಸ ಗಿಟ್ಟಿಸಿದೆ ಎಂದು ಲೋರೆ ಮುಂದೆ ಹೇಳಿಕೊಳ್ಳುತ್ತಿದ್ದ. 1934ರಲ್ಲಿ ತೆರೆಕಂಡ ಆ ಚಿತ್ರದ ಮಾತುಗಳನ್ನು ಬಾಯಿಪಾಠ ಮಾಡಿ ಒಪ್ಪಿಸಿದ. ಅದೇ ವರ್ಷ ಅಮೆರಿಕಕ್ಕೆ ಹೊರಟ.

ಆತ ದೇಶ ಬಿಟ್ಟರೂ ಆತನ ಮುಖ ಮಾತ್ರ ಜರ್ಮನಿಯಲ್ಲೇ ಉಳಿಯಿತು. 1940ರಲ್ಲಿ ನಾಜಿಗಳು 'ನಿತ್ಯ ಯಹೂದಿ' ಎಂಬ ಪ್ರಚಾರಚಿತ್ರ ತಯಾರಿಸಿದರು. ಯಹೂದಿಗಳೆಲ್ಲ ಸಮಾಜಕ್ಕಂಟಿದ ಪಿಡುಗು ಎಂದು ಜನರ ತಲೆಗೆ ತುಂಬುವುದು ಅದರ ಉದ್ದೇಶ. ಅದರಲ್ಲಿ 'ಎಂ' ಚಿತ್ರದ ಆ ತಪ್ಪೊಪ್ಪಿಗೆಯ ದೃಶ್ಯವನ್ನು ಕತ್ತರಿಸಿ ಅಂಟಿಸಿದರು. ಬೆಕರ್ಟ್ ಯಹೂದಿ ಎಂದು ಮೂಲ ಚಿತ್ರದಲ್ಲಿ ಎಲ್ಲೂ ಇಲ್ಲ. ಆದರೆ ನಟ ಯಹೂದಿಯಲ್ಲವೇ? ಅಷ್ಟು ಸಾಕಾಯಿತು. ನಟಿಸಿದ ಪಾಪ ನಟನ ಪಾಪವಾಯಿತು, ನಟನ ಪಾಪ ಅವನ ಜನಾಂಗದ ಪಾಪವಾಯಿತು. ಯಾರನ್ನೂ ಕೊಲ್ಲದ ಒಬ್ಬನ ಮುಖವನ್ನು ಸಾಕ್ಷಿಯಾಗಿ ತೋರಿಸಿ, ಲಕ್ಷಾಂತರ ಜನರ ಕೊಲೆಗೆ ನೆಲ ಹದ ಮಾಡಿದರು.

ಈ ಸಂಗತಿಯನ್ನು ಓದಿದ ದಿನ ನಮಗೆ ನಿದ್ದೆ ಹತ್ತಲಿಲ್ಲ. ನಾಜಿಗಳ ಕ್ರೌರ್ಯ ನಮಗೆ ಹೊಸ ವಿಷಯವೇನೂ ಆಗಿರಲಿಲ್ಲ. ನೆನಪಾದದ್ದು ನಮ್ಮ ಹಾಸ್ಟೆಲಿನ ಕೋಣೆ.

ಕಾಸಾಬ್ಲಾಂಕಾ ನೋಡಿದ ಕೆಲವು ತಿಂಗಳ ನಂತರ ನಮ್ಮಲ್ಲೊಬ್ಬನ ವಾಚು ಕಾಣೆಯಾಗಿತ್ತು. ಅವನ ತಂದೆ ಕೊಡಿಸಿದ್ದ ಎಚ್‌ಎಂಟಿ ವಾಚು. ಯಾರೂ ಬಾಯಿಬಿಟ್ಟು ಯಾರ ಹೆಸರನ್ನೂ ಹೇಳಲಿಲ್ಲ. ಆದರೆ ಉಗಾರ್ಟೆ ಸ್ನಾನಕ್ಕೆ ಹೋದ ಹೊತ್ತಿಗೆ ನಾವು ಅವನ ಟ್ರಂಕು ತೆರೆದೆವು. ಬಟ್ಟೆಗಳನ್ನು ಒಂದೊಂದಾಗಿ ಕೊಡವಿ ನೋಡಿದೆವು. ವಾಚು ಇರಲಿಲ್ಲ. ಮಡಚಿಡುವಷ್ಟರಲ್ಲಿ ಆತ ಬಂದುಬಿಟ್ಟ. ನಮ್ಮ ಮುಖ ನೋಡಿದ, ಟ್ರಂಕು ನೋಡಿದ. ಏನೂ ಹೇಳದೆ ಕೂತು ಬಟ್ಟೆಗಳನ್ನೆಲ್ಲ ಮತ್ತೆ ಮಡಚಿಟ್ಟ. ಮರುದಿನ ಬೇರೆ ಕೋಣೆಗೆ ಹೋದ. ಅದೇ ವಾರ ಹಾಸಿಗೆಯ ಗವಸು ಒಗೆಯಲು ತೆಗೆದಾಗ ಅದರೊಳಗೆ ವಾಚು ಸಿಕ್ಕಿತು. ನಾವು ನಾಲ್ವರಲ್ಲಿ ಒಬ್ಬರೂ ಹೋಗಿ ಅವನಿಗೆ ಹೇಳಲಿಲ್ಲ. ಅವನ ಮೇಲೆ ನಮಗೆ ಸಂಶಯ ಹುಟ್ಟಲು ಆ ಕಣ್ಣು, ಆ ದನಿ, ನಾವೇ ಕೊಟ್ಟ ಕಳ್ಳನ ಪಾತ್ರಗಳು ಬಿಟ್ಟರೆ ಬೇರೆ ಯಾವ ಕಾರಣವೂ ಇರಲಿಲ್ಲ.

ಹಾಲಿವುಡ್ ನಾಜಿಗಳಂತೆ ಲೋರೆಯನ್ನು ದ್ವೇಷಿಸಲಿಲ್ಲ. ಕೆಲಸ ಕೊಟ್ಟಿತು, ದುಡ್ಡು ಕೊಟ್ಟಿತು, 1941ರಲ್ಲಿ ಆತ ಅಮೆರಿಕದ ಪ್ರಜೆಯೂ ಆದ. ಆದರೆ ಆ ಮುಖವನ್ನು ಹಾಲಿವುಡ್ ಸಹ ತನಗೆ ಬೇಕಾದಂತೆಯೇ ಬಳಸಿತು. ಹುಚ್ಚು ವೈದ್ಯ, ಕೊಲೆಗಾರ, ಗೂಢಚಾರ, ಒಟ್ಟಿನಲ್ಲಿ ನಂಬಬಾರದ ಪರದೇಶಿ. 1937ರಿಂದ 1939ರವರೆಗೆ ಮಿಸ್ಟರ್ ಮೋಟೋ ಎಂಬ ಜಪಾನಿ ಪತ್ತೇದಾರನಾಗಿ ಎಂಟು ಚಿತ್ರಗಳಲ್ಲಿ ನಟಿಸಿದ. ಹಂಗೇರಿಯಲ್ಲಿ ಹುಟ್ಟಿದ ಯಹೂದಿಯೊಬ್ಬ ಕನ್ನಡಕ ಹಾಕಿಕೊಂಡು ಜಪಾನಿಯಾದದ್ದು ಆ ಕಾಲದ ಪ್ರೇಕ್ಷಕರಿಗೆ ವಿಚಿತ್ರವೆನಿಸಲಿಲ್ಲ. ಪರದೇಶಿ ಎಂದರೆ ಪರದೇಶಿ, ಯಾವ ದೇಶದವನಾದರೇನು?

1941ರ 'ಮಾಲ್ಟೀಸ್ ಫಾಲ್ಕನ್' ಚಿತ್ರದಲ್ಲಿ ಜೋಯಲ್ ಕೈರೋ ಎಂಬ ನಯವಂಚಕನಾಗಿ ಲೋರೆ ಮತ್ತೆ ಎಲ್ಲರ ಗಮನ ಸೆಳೆದ. ಅಲ್ಲಿ ಜೊತೆಯಾದ ದಢೂತಿ ದೇಹದ ಸಿಡ್ನಿ ಗ್ರೀನ್‌ಸ್ಟ್ರೀಟ್ ಮತ್ತು ಗಿಡ್ಡ ಲೋರೆಯ ಜೋಡಿಯನ್ನು ಪ್ರೇಕ್ಷಕರು ಮುಂದೆ ಹಲವು ಚಿತ್ರಗಳಲ್ಲಿ ನೋಡಿ ಮೆಚ್ಚಿದರು. ಕಾರ್ಟೂನು ಚಿತ್ರಗಳು ಅವನ ಕಣ್ಣು ಮತ್ತು ದನಿಯನ್ನು ಅಣಕಿಸಿ ನಗಿಸಿದವು. ತನ್ನ ವೃತ್ತಿಯನ್ನು ಲೋರೆ 'ಮುಖ ಮಾಡುವ ಕೆಲಸ' ಎಂದು ತಾನೇ ಲೇವಡಿ ಮಾಡುತ್ತಿದ್ದನಂತೆ. ಅದರಲ್ಲಿ ನಗುವೆಷ್ಟು, ನೋವೆಷ್ಟು ಎಂದು ಅಳೆಯುವುದು ಕಷ್ಟ.

ಕಾಸಾಬ್ಲಾಂಕಾ ತೆರೆಕಂಡದ್ದು 1942ರಲ್ಲಿ. ಈಗ ಅದನ್ನು ನೋಡುವಾಗ ನಮಗೆ ಕಾಣುವ ಚಿತ್ರವೇ ಬೇರೆ. ನಿರಾಶ್ರಿತರ ರಕ್ತ ಹೀರುವ ಉಗಾರ್ಟೆಯ ವೇಷ ಹಾಕಿದವನು ಸ್ವತಃ ನಿರಾಶ್ರಿತ. ನಾಜಿ ಮೇಜರ್ ಆಗಿ ಅಬ್ಬರಿಸುವ ಕಾನ್ರಾಡ್ ವೈಟ್, ಯಹೂದಿ ಹೆಂಡತಿಯೊಡನೆ 1933ರಲ್ಲಿ ಜರ್ಮನಿ ಬಿಟ್ಟವನು. ಜೂಜುಕಟ್ಟೆಯಲ್ಲಿ ಕೆಲಸ ಮಾಡುವ ಸಣ್ಣ ಪಾತ್ರದಲ್ಲಿರುವ ಮಾರ್ಸೆಲ್ ಡಾಲಿಯೋ ಫ್ರಾನ್ಸಿನಲ್ಲಿ ದೊಡ್ಡ ನಟನಾಗಿದ್ದ. ಆತ ತಪ್ಪಿಸಿಕೊಂಡು ಹೋದ ಮೇಲೆ ಯಹೂದಿಯನ್ನು ಗುರುತಿಸುವುದು ಹೇಗೆಂದು ತೋರಿಸಲು ನಾಜಿಗಳು ಅವನ ಮುಖವನ್ನೇ ಭಿತ್ತಿಪತ್ರಗಳಲ್ಲಿ ಅಚ್ಚು ಹಾಕಿದ್ದರು. ಅಂದು ಹಾಸ್ಟೆಲಿನಲ್ಲಿ ನಾವು ಯಾರನ್ನು ನೋಡಿ ನಗುತ್ತಿದ್ದೆವೆಂಬುದೇ ನಮಗೆ ಗೊತ್ತಿರಲಿಲ್ಲ.

ಲೋರೆಯ ಬದುಕಿನಲ್ಲಿ ನೆಮ್ಮದಿ ಕಡಿಮೆ. ಹೊಟ್ಟೆಯ ಶಸ್ತ್ರಚಿಕಿತ್ಸೆಯ ನೋವಿಗೆ ಕೊಟ್ಟ ಮಾರ್ಫಿನ್ ಚಟವಾಗಿ ಅಂಟಿಕೊಂಡು ವರ್ಷಗಟ್ಟಲೆ ಕಾಡಿತು. ಮೂರು ಮದುವೆಗಳಾದವು. ಯುದ್ಧ ಮುಗಿದ ಮೇಲೆ ಜರ್ಮನಿಗೆ ಹಿಂತಿರುಗಿ ಒಂದು ಚಿತ್ರ ನಿರ್ದೇಶಿಸಿದ. ಆತ ನಿರ್ದೇಶಿಸಿದ್ದು ಅದೊಂದನ್ನೇ. 1951ರಲ್ಲಿ ಬಂದ ಆ ಚಿತ್ರದ ಹೆಸರಿನ ಅರ್ಥ 'ಕಳೆದುಹೋದವನು'. ನಾಜಿಗಳ ಕಾಲದಲ್ಲಿ ವಿಜ್ಞಾನಿಯೊಬ್ಬ ತಾನು ಮದುವೆಯಾಗಬೇಕಿದ್ದ ಹೆಣ್ಣನ್ನು ಕೊಲ್ಲುತ್ತಾನೆ. ಅವನಿಂದ ಸರಕಾರಕ್ಕೆ ಉಪಯೋಗವಿರುವುದರಿಂದ ಅಧಿಕಾರಿಗಳು ಕೊಲೆಯನ್ನು ಮುಚ್ಚಿಹಾಕುತ್ತಾರೆ. ಶಿಕ್ಷೆಯೇ ಸಿಗದ ಆ ತಪ್ಪು ಅವನನ್ನು ತಿಂದುಹಾಕುತ್ತದೆ. ಕೊನೆಗೆ ಆತ ರೈಲು ಹಳಿಯ ಮೇಲೆ ಹೋಗಿ ನಿಲ್ಲುತ್ತಾನೆ. ಪಾತ್ರವನ್ನು ಲೋರೆ ತಾನೇ ಮಾಡಿದ. ಯಾವ ಮುಖವನ್ನು ಕೊಲೆಗಾರನದೆಂದು ಆ ದೇಶ ಜಗತ್ತಿಗೆ ತೋರಿಸಿತ್ತೋ, ಅದೇ ಮುಖವನ್ನಿಟ್ಟುಕೊಂಡು ಆತ ಆ ದೇಶಕ್ಕೆ ಅದರ ಅಪರಾಧವನ್ನು ನೆನಪಿಸಲು ಹೋಗಿದ್ದ. ಜನ ನೋಡಲಿಲ್ಲ. ಮರೆಯಬೇಕೆಂದುಕೊಂಡವರಿಗೆ ನೆನಪಿಸುವವನು ಬೇಡವಾಗಿದ್ದ.

ಲೋರೆ ಅಮೆರಿಕಕ್ಕೆ ಮರಳಿದ. ಮೈ ಊದಿಕೊಂಡಿತ್ತು, ಆರೋಗ್ಯ ಕೆಟ್ಟಿತ್ತು. ಸಿಕ್ಕ ಪಾತ್ರಗಳನ್ನೆಲ್ಲ ಮಾಡಿದ. 1954ರಲ್ಲಿ ಟೆಲಿವಿಷನ್‌ನಲ್ಲಿ ಮೊದಲ ಸಲ ಜೇಮ್ಸ್ ಬಾಂಡ್ ಕತೆ ಬಂದಾಗ ಖಳನಾಯಕ ಅವನೇ. ಕೊನೆಕೊನೆಗೆ ವಿನ್ಸೆಂಟ್ ಪ್ರೈಸ್ ಮತ್ತು ಬೋರಿಸ್ ಕಾರ್ಲಾಫ್ ಜೊತೆ ಭೂತಪ್ರೇತಗಳ ಹಾಸ್ಯಚಿತ್ರಗಳಲ್ಲಿ ನಟಿಸಿದ. 1963ರ 'ದಿ ರಾವೆನ್' ಚಿತ್ರದಲ್ಲಿ ಕಾಗೆಯಂಥ ಹಕ್ಕಿಯಾಗಿ ಮಾರ್ಪಟ್ಟ ಮಂತ್ರವಾದಿಯಾಗಿ ಮಕ್ಕಳನ್ನೂ ನಗಿಸಿದ. 1964ರ ಮಾರ್ಚ್ 23ರಂದು ಲಾಸ್ ಏಂಜಲಿಸ್‌ನಲ್ಲಿ ತೀರಿಕೊಂಡಾಗ ಅವನಿಗೆ 59 ವರ್ಷ.

ಕಳೆದ ವರ್ಷ ನಮ್ಮಲ್ಲೊಬ್ಬನ ಮಗಳ ಮದುವೆಗೆ ಉಗಾರ್ಟೆ ಬಂದಿದ್ದ. ಗಲ್ಫ್‌ನಲ್ಲಿ ಇಪ್ಪತ್ತು ವರ್ಷ ದುಡಿದು ಊರಿಗೆ ಮರಳಿದ್ದಾನೆ. ಗಡ್ಡ ನರೆತಿದೆ, ಕಣ್ಣು ಹಾಗೆಯೇ ಇದೆ. ಊಟಕ್ಕೆ ಒಟ್ಟಿಗೆ ಕುಳಿತೆವು. ಹಳೆಯ ಮಾತು, ಹಳೆಯ ಮೇಷ್ಟ್ರುಗಳು, ಎಲ್ಲ ಬಂದುಹೋದವು. ಕೈ ತೊಳೆಯಲು ಏಳುವಾಗ ಆತ ನಗುತ್ತಲೇ ಕೇಳಿದ, "ಆ ವಾಚು ಸಿಕ್ಕಿತಾ ಮಾರಾಯ ಕೊನೆಗೆ?"

ಸಿಕ್ಕಿತು ಎಂದೆವು. ಯಾವಾಗ ಎಂದ. ಅದೇ ವಾರ, ಹಾಸಿಗೆಯ ಗವಸಿನೊಳಗೆ ಎಂದೆವು.

ಅವನ ನಗು ನಿಂತಿತು. ಮೂವತ್ತು ವರ್ಷ ಅವನು ಆ ಪ್ರಶ್ನೆಯನ್ನು ಇಟ್ಟುಕೊಂಡಿದ್ದ, ಉತ್ತರ ನಮ್ಮ ಬಳಿ ಇತ್ತು. ತಪ್ಪಾಯಿತು ಎಂದು ನಾವು ನಾಲ್ವರೂ ಅಂದದ್ದು ಆಗಲೇ. ಆತ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಒಂದು ಮಾತು ಹೇಳಬಹುದಿತ್ತಲ್ಲ ನೀವು" ಎಂದ.

ಅಷ್ಟೇ ಹೇಳಿದ. ಆಮೇಲೆ ನಮ್ಮ ಜೊತೆಯೇ ನಿಂತು ಚಹಾ ಕುಡಿದ. ನಾವು ಅವನನ್ನು ಅವನ ನಿಜವಾದ ಹೆಸರಿನಿಂದ ಕರೆದು ಬೀಳ್ಕೊಟ್ಟೆವು.