ಮೀನಖಂಡ

ರಾತ್ರಿ ಮೂರು ಗಂಟೆ ಹತ್ತು ನಿಮಿಷ. ಅಷ್ಟು ಕರೆಕ್ಟಾಗಿ ಹೇಗೆ ಗೊತ್ತು ಅಂದ್ರೆ, ಮಂಚದಿಂದ ಬೀಳುವಾಗ ಕೈ ಮೊಬೈಲಿಗೆ ತಗುಲಿ ಸ್ಕ್ರೀನ್ ಹತ್ತಿಕೊಂಡಿತ್ತು. ನಾನು ಮಾಡಿದ್ದಿಷ್ಟೇ. ನಿದ್ದೆಗಣ್ಣಲ್ಲಿ ಒಂದು ಸಲ ಮೈಮುರಿದೆ. ಕಾಲು ಉದ್ದಕ್ಕೆ ಚಾಚಿ, ಬೆರಳುಗಳನ್ನು ಕೆಳಕ್ಕೆ ನೀಡಿ, ಹಾಯಾಗಿ. ಆ ಹಾಯಿ ಅರ್ಧ ಸೆಕೆಂಡು ಇತ್ತು. ಆಮೇಲೆ ಎಡಗಾಲಿನ ಮೀನಖಂಡವನ್ನು ಯಾರೋ ಒದ್ದೆ ಬಟ್ಟೆ ಹಿಂಡಿದ ಹಾಗೆ ಹಿಂಡೋಕೆ ಶುರು ಮಾಡಿದರು.

ಕೂಗಿದೆ. ಏನು ಕೂಗಿದೆ ಅನ್ನೋದು ಇಲ್ಲಿ ಬರೆಯೋ ಹಾಗಿಲ್ಲ :-)

ರೂಮ್‌ಮೇಟ್ ಧಾರವಾಡದವನು. ದಿಗ್ಗನೆ ಎದ್ದು ಲೈಟ್ ಹಾಕಿ, "ಏನಾತೋ ಮಾರಾಯಾ, ಹಾವು ಕಡೀತೇನು?" ಅಂದ. ಮೂರನೇ ಮಹಡಿಯ ರೂಮಿಗೆ ಹಾವು ಎಲ್ಲಿಂದ ಬರಬೇಕು? ನಾನು ಮಾತಾಡೋ ಸ್ಥಿತಿಯಲ್ಲಿರಲಿಲ್ಲ, ಕಾಲು ತೋರಿಸಿದೆ. ಮೀನಖಂಡದಲ್ಲಿ ನಿಂಬೆಹಣ್ಣಿನ ಗಾತ್ರದ ಗಂಟೊಂದು ಎದ್ದು ನಿಂತಿತ್ತು. ಮುಟ್ಟಿದರೆ ಕಲ್ಲು. ಪಾದ ತನ್ನಷ್ಟಕ್ಕೆ ತಾನೇ ಕೆಳಕ್ಕೆ ಬಾಗಿ ನಿಂತುಬಿಟ್ಟಿತ್ತು, ನನ್ನ ಮಾತು ಕೇಳ್ತಾನೇ ಇರಲಿಲ್ಲ. ಅವನು ಹೆಬ್ಬೆರಳು ಹಿಡಿದು ಮೇಲಕ್ಕೆ ಎಳೆದ. ಇನ್ನೊಂದು ಸಲ ಕೂಗಿದೆ. ಆಮೇಲೆ ಮೆಲ್ಲಗೆ ಗಂಟು ಕರಗಿತು. ಎಲ್ಲಾ ಸೇರಿ ಎರಡು ನಿಮಿಷ ಆಗಿರಬಹುದು. ಮಾರನೇ ದಿನ ಆಫೀಸಿನಲ್ಲಿ ಕುಂಟುತ್ತಾ ಓಡಾಡಿದೆ. "ಜಿಮ್ ಸೇರಿದ್ಯಾ?" ಅಂತ ಎಲ್ಲರೂ ಕೇಳಿದರು. ನಿದ್ದೆ ಮಾಡ್ತಾ ಹೀಗಾಯ್ತು ಅಂತ ಹೇಳೋಕೆ ನಾಚಿಕೆಯಾಗಿ ಹೌದು ಅಂದೆ.

ನಿಮಗೂ ಒಂದಲ್ಲಾ ಒಂದು ಸಲ ಆಗಿರುತ್ತೆ. ವರ್ಷಕ್ಕೊಮ್ಮೆ ಆದರೆ ಅದು ತಮಾಷೆಯ ಕಥೆ. ನನಗೆ ವಾರಕ್ಕೆ ಮೂರು ಸಲ ಆಗೋಕೆ ಶುರುವಾಯಿತು. ಕೆಲವು ದಿನ ಎರಡೂ ಕಾಲಿಗೆ, ಒಟ್ಟಿಗೆ. ಎಡಗಾಲು ಎಳೆಯೋಣ ಅಂತ ಬಗ್ಗಿದರೆ ಬಲಗಾಲು ಹಿಡಿದುಕೊಳ್ಳುತ್ತೆ. ಕೊನೆಗೆ ಮಲಗೋಕೇ ಹೆದರಿಕೆ ಆಗೋಕೆ ಶುರುವಾಯಿತು. ಕಾಲು ಮಡಚಿಕೊಂಡು, ಮೈಮುರಿಯಬಾರದು, ಮೈಮುರಿಯಬಾರದು ಅಂತ ಜಪ ಮಾಡ್ತಾ ಮಲಗೋದು. ನಿದ್ದೆಯಲ್ಲಿ ಮೈಮುರಿಯದೇ ಇರೋಕೆ ಯಾರಿಂದಾದರೂ ಆಗುತ್ತಾ?

ಡಾಕ್ಟರ ಹತ್ತಿರ ಹೋದೆ. ರಕ್ತ ಪರೀಕ್ಷೆ ಮಾಡಿಸಿದರು. ಕ್ಯಾಲ್ಸಿಯಂ, ಪೊಟಾಸಿಯಂ, ಥೈರಾಯ್ಡ್, ಶುಗರ್, ಎಲ್ಲಾ ಸರಿಯಾಗಿತ್ತು. "ಏನೂ ಇಲ್ಲ, ಜಾಸ್ತಿ ಹೊತ್ತು ಕೂರ್ತೀರ, ಅಷ್ಟೇ" ಅಂದರು. ಏನೂ ಇಲ್ಲ ಅಂದರೆ ಖುಷಿಪಡಬೇಕಲ್ವಾ? ನನಗೆ ಸಿಟ್ಟು ಬಂತು. ಅರ್ಧರಾತ್ರಿ ನೆಲದ ಮೇಲೆ ಹೊರಳಾಡೋನಿಗೆ 'ಏನೂ ಇಲ್ಲ' ಅಂದರೆ ಹೇಗೆ?

ಇಂಜಿನಿಯರ್ ಬುದ್ಧಿ. ಕೂತು ಓದೋಕೆ ಶುರು ಮಾಡಿದೆ.

ಮೊದಲು ಬಾಳೆಹಣ್ಣು. ಎಲ್ಲರೂ ಹೇಳೋದು ಇದನ್ನೇ, ಪೊಟಾಸಿಯಂ ಅಂತೆ. ನನ್ನ ಪೊಟಾಸಿಯಂ ಕಡಿಮೆಯೇ ಇರಲಿಲ್ಲವಲ್ಲ, ಆದರೂ ದಿನಕ್ಕೆ ಎರಡು ತಿಂದೆ. ಅಂಗಡಿಯವನಿಗೆ ಲಾಭ ಆಯ್ತು. ಆಮೇಲೆ ಮೆಗ್ನೀಸಿಯಂ ಮಾತ್ರೆ, ಎರಡು ತಿಂಗಳು. ಕಾಕ್ರೇನ್ ಅಂತ ಒಂದು ಸಂಸ್ಥೆ ಇದೆ, ಒಂದು ವಿಷಯದ ಮೇಲೆ ನಡೆದ ಪ್ರಯೋಗಗಳನ್ನೆಲ್ಲಾ ಒಟ್ಟು ಹಾಕಿ ತೂಗಿ ನೋಡೋರು. ಅವರು 2012ರಲ್ಲೂ ನೋಡಿದ್ದಾರೆ, 2020ರಲ್ಲಿ ಮತ್ತೆ ನೋಡಿದ್ದಾರೆ. ವಯಸ್ಸಾದವರ ಕಾಲುಸೆಳೆತಕ್ಕೆ ಮೆಗ್ನೀಸಿಯಂನಿಂದ ಹೇಳಿಕೊಳ್ಳುವಂಥ ಉಪಯೋಗ ಆಗೋದು ಅನುಮಾನ ಅಂತ ಅವರ ತೀರ್ಮಾನ. ಇದನ್ನ ನಾನು ಓದಿದ್ದು ಮೂರನೇ ಡಬ್ಬಿ ಕೊಂಡ ಮೇಲೆ. ಮಲೇರಿಯಾಕ್ಕೆ ಕೊಡೋ ಕ್ವಿನೈನ್ ಮಾತ್ರೆಯಿಂದ ಸೆಳೆತ ಸ್ವಲ್ಪ ಕಡಿಮೆ ಆಗೋದು ನಿಜವಂತೆ. ಆದರೆ ಕೆಲವರಲ್ಲಿ ಅದು ರಕ್ತದ ಪ್ಲೇಟ್‌ಲೆಟ್ ಇಳಿಸಿ ಜೀವಕ್ಕೇ ಅಪಾಯ ತರುತ್ತೆ. ಅಮೆರಿಕದ ಎಫ್‌ಡಿಎ, ಕಾಲುಸೆಳೆತಕ್ಕೆ ಅಂತ ಡಾಕ್ಟರ ಚೀಟಿ ಇಲ್ಲದೆ ಅದನ್ನು ಮಾರೋದನ್ನ 1994ರಲ್ಲೇ ನಿಲ್ಲಿಸಿತು. ಅದರ ತಂಟೆಗೆ ನಾನು ಹೋಗಲಿಲ್ಲ.

ಎಲ್ಲಕ್ಕಿಂತ ಮಜಾ ಅನ್ನಿಸಿದ್ದು ಉಪ್ಪಿನಕಾಯಿ ನೀರಿನ ಕಥೆ. ಅಮೆರಿಕದಲ್ಲಿ 2010ರಲ್ಲಿ ಪ್ರಕಟವಾದ ಪ್ರಯೋಗ. ಹುಡುಗರನ್ನು ಬೆವರು ಸುರಿಯೋ ಹಾಗೆ ವ್ಯಾಯಾಮ ಮಾಡಿಸಿ, ಕರೆಂಟ್ ಕೊಟ್ಟು ಹೆಬ್ಬೆರಳಿನ ಸ್ನಾಯುವಿಗೆ ಬೇಕಂತಲೇ ಸೆಳೆತ ತರಿಸಿದರು. ನೀರು ಕುಡಿದಾಗಿಂತ ಸೌತೆಕಾಯಿ ಉಪ್ಪಿನಕಾಯಿಯ ನೀರು ಕುಡಿದಾಗ ಸೆಳೆತ ಬೇಗ ಬಿಟ್ಟಿತು, ಸುಮಾರು ಒಂದೂವರೆ ನಿಮಿಷಕ್ಕೆ. ಕುಡಿದದ್ದು ಹೊಟ್ಟೆಯಿಂದ ರಕ್ತಕ್ಕೆ ಸೇರೋಕೆ ಅಷ್ಟು ಹೊತ್ತು ಸಾಲದು. ಅಂದರೆ ಉಪ್ಪಿನ ಕೊರತೆ ತುಂಬಿದ್ದರಿಂದ ಬಿಟ್ಟಿದ್ದಲ್ಲ, ಆ ಹುಳಿ ಗಂಟಲಿಗೆ ತಾಗಿದ್ದೇ ನರಗಳಿಗೆ ಏನೋ ಸುದ್ದಿ ಹೋಗಿ ಸ್ನಾಯು ಸಡಿಲ ಆಗಿರಬೇಕು ಅಂತ ಅವರ ಊಹೆ. ನಾನು ಅಮ್ಮ ಕಳಿಸಿದ ನಿಂಬೆಕಾಯಿ ಉಪ್ಪಿನಕಾಯಿಯ ರಸ ಎರಡು ಚಮಚ ಕುಡಿದೆ. ಸೆಳೆತ ಹೋಯ್ತೋ ಇಲ್ವೋ ನೋಡೋಕೆ ಪುರುಸೊತ್ತಾಗಲಿಲ್ಲ, ಖಾರಕ್ಕೆ ಕೆಮ್ಮು ಹತ್ತಿ ಬಾತ್‌ರೂಮಿಗೆ ಓಡಿದ್ದೆ. ಕಾಲೂರಿ ಓಡಿದ್ದಕ್ಕೇ ಸೆಳೆತ ಬಿಟ್ಟಿತ್ತು ಅಂತ ಆಮೇಲೆ ಗೊತ್ತಾಯ್ತು.

ಯಾಕೆ ಅಂದ್ರೆ ವಿಷಯ ಇರೋದೇ ಅಲ್ಲಿ. ಸ್ನಾಯುವನ್ನು ನಡೆಸೋ ನರಕ್ಕೆ ಎರಡು ಥರದ ವರದಿ ಬರ್ತಾ ಇರುತ್ತೆ. ಒಂದು 'ಬಿಗಿ ಹಿಡಿ' ಅನ್ನೋದಕ್ಕೆ ಪುಷ್ಟಿ ಕೊಡುತ್ತೆ. ಇನ್ನೊಂದು ಸ್ನಾಯು ಮೂಳೆಗೆ ಸೇರೋ ಹುರಿಯಲ್ಲಿರೋ ಸೆನ್ಸರ್‌ನಿಂದ ಬರುತ್ತೆ. ಹುರಿ ಎಳೆದಾಗ ಅದು 'ಸಾಕು, ಬಿಡು' ಅನ್ನುತ್ತೆ. ಸ್ನಾಯು ಗಿಡ್ಡವಾಗಿ ಮುದುಡಿಕೊಂಡಿದ್ದಾಗ ಈ 'ಸಾಕು' ಅನ್ನೋ ದನಿ ಸಣ್ಣದಾಗುತ್ತೆ ಅನ್ನೋದು ಈಗ ಹೆಚ್ಚು ಜನ ಒಪ್ಪೋ ವಿವರಣೆ. ನಾವು ಹೊದಿಕೆಯ ಭಾರಕ್ಕೆ ಪಾದ ಕೆಳಗೆ ಬಾಗಿಸಿ ಮಲಗಿರ್ತೀವಿ, ಮೀನಖಂಡ ಮೊದಲೇ ಮುದುಡಿರುತ್ತೆ. ಅದರ ಮೇಲೆ ಮೈಮುರಿದರೆ ಇನ್ನೂ ಬಿಗಿ. ಬೇಡ ಅನ್ನೋರು ಯಾರೂ ಇಲ್ಲ, ಹಿಡಿದದ್ದೇ ಹಿಡಿದದ್ದು. ಪಾದವನ್ನು ಮೊಣಕಾಲಿನ ಕಡೆಗೆ ಎಳೆದರೆ, ಅಥವಾ ಎದ್ದು ಹಿಮ್ಮಡಿ ಊರಿ ನಿಂತರೆ ಹುರಿ ಎಳೆಯುತ್ತೆ, ಸೆನ್ಸರ್ ಕೂಗುತ್ತೆ, ಗಂಟು ಬಿಡುತ್ತೆ. ಹೆಬ್ಬೆರಳು ಎಳಿ ಅಂತ ಅಜ್ಜಿ ಹೇಳ್ತಿದ್ದದ್ದು ಇದನ್ನೇ!

ಹಾಲೆಂಡಿನಲ್ಲಿ 55 ದಾಟಿದ 80 ಜನರ ಮೇಲೆ ಮಾಡಿದ ಪ್ರಯೋಗವೊಂದು 2012ರಲ್ಲಿ ಪ್ರಕಟವಾಗಿದೆ. ದಿನಾ ಮಲಗೋ ಮುಂಚೆ ಮೀನಖಂಡ ಮತ್ತು ತೊಡೆಯ ಹಿಂಭಾಗದ ಸ್ನಾಯು ಎಳೆಯೋ ವ್ಯಾಯಾಮ, ಆರು ವಾರ. ಮಾಡಿದವರಿಗೆ ರಾತ್ರಿ ಸೆಳೆತ ಬರೋದೂ ಕಡಿಮೆಯಾಯ್ತು, ಬಂದಾಗ ನೋವೂ ಕಡಿಮೆಯಾಯ್ತು. ನಾನೂ ಹಿಡಿದೆ. ಗೋಡೆಗೆ ಕೈ ಕೊಟ್ಟು, ಒಂದು ಕಾಲು ಹಿಂದಿಟ್ಟು, ಹಿಮ್ಮಡಿ ಏಳದ ಹಾಗೆ ಮುಂದಕ್ಕೆ ಬಾಗಿ ಮೂವತ್ತು ಎಣಿಸೋದು. ಎರಡೂ ಕಾಲಿಗೆ ಮೂರು ಮೂರು ಸಲ. "ಗೋಡಿ ಬೀಳತೈತೇನು, ಹಿಡಕೊಂಡು ನಿಂತೀಯಲ್ಲ?" ಅಂತ ರೂಮ್‌ಮೇಟ್ ದಿನಾ ಕೇಳ್ತಿದ್ದ. ಹೊದಿಕೆಯನ್ನು ಕಾಲ ಹತ್ತಿರ ಸಡಿಲ ಬಿಟ್ಟೆ. ಒಂದೂವರೆ ತಿಂಗಳಲ್ಲಿ ವಾರಕ್ಕೆ ಮೂರು ಇದ್ದದ್ದು ತಿಂಗಳಿಗೆ ಒಂದಾಯಿತು. ಪೂರ್ತಿ ಹೋಗಿಲ್ಲ. ಆದರೆ ಬಂದರೆ ಈಗ ಕೂಗಲ್ಲ. ಎದ್ದು ನಿಲ್ತೀನಿ, ಇಪ್ಪತ್ತು ಎಣಿಸ್ತೀನಿ, ಮಲಗ್ತೀನಿ.

ಇಷ್ಟಾದ ಮೇಲೆ ನಾನು ಸುಮ್ಮನಿರ್ತೀನಾ? ಆಫೀಸಿನಲ್ಲಿ ಮೀನಖಂಡ ಕನ್ಸಲ್ಟೆಂಟ್ ಆಗಿಬಿಟ್ಟೆ. ಕಾಲು ಹಿಡೀತು ಅಂತ ಯಾರಾದರೂ ಅಂದರೆ ಸಾಕು, ಗೋಡೆ ಹತ್ತಿರ ನಿಲ್ಲಿಸಿ ಕ್ಲಾಸು.

ಆ ಹೊತ್ತಿಗೇ ಒಂದು ದಿನ ಫೋನಿನಲ್ಲಿ ಅಪ್ಪ, "ನಂಗೂ ಮೀನಖಂಡ ಹಿಡಿಯುತ್ತೆ ಕಣೋ" ಅಂದ.

ಅಪ್ಪ ಇರೋದು ತಿಪಟೂರಿನ ಹತ್ತಿರ, ನಮ್ಮ ಊರಲ್ಲಿ. ತೆಂಗಿನ ತೋಟ. ಹನ್ನೊಂದು ವರ್ಷದಿಂದ ಶುಗರ್ ಇದೆ. ದಿನಕ್ಕೆ ಒಂದು ಕಟ್ಟು ಬೀಡಿ. ನನಗೆ ಇದೆಲ್ಲಾ ಗೊತ್ತು. ಗೊತ್ತಿದ್ದೂ ನಾನು ಕೇಳಿದ್ದು "ಎರಡೂ ಕಾಲಾ?" ಅಂತ ಮಾತ್ರ. ಹೂಂ ಅಂದ. ತಕ್ಷಣ ಗೋಡೆ ವ್ಯಾಯಾಮ ವಿವರಿಸಿದೆ. ನನ್ನ ಹತ್ತಿರ ಉಳಿದಿದ್ದ ಮೆಗ್ನೀಸಿಯಂ ಡಬ್ಬಿಯನ್ನ, ಉಪಯೋಗ ಇಲ್ಲ ಅಂತ ಓದಿದ್ದರೂ, 'ನಷ್ಟ ಏನಿಲ್ಲವಲ್ಲ' ಅಂತ ಊರಿಗೆ ಹೋಗೋರ ಕೈಲಿ ಕಳಿಸಿದೆ. ಆಮೇಲೆ ಪ್ರತಿ ಭಾನುವಾರ, "ಅಪ್ಪಾ, ಮಾಡ್ತಾ ಇದೀಯಾ?" "ಮಾಡ್ತಿದೀನಿ." "ಹೆಂಗಿದೆ?" "ಪರವಾಗಿಲ್ಲ ಕಣೋ, ಕಡಿಮೆ ಆಗೈತೆ." ಐದು ತಿಂಗಳು ಹೀಗೇ ನಡೀತು. ನನಗೆ ಒಳಗೊಳಗೇ ಹೆಮ್ಮೆ.

ಯುಗಾದಿಗೆ ಊರಿಗೆ ಹೋದೆ. ಹಬ್ಬದ ಮಾರನೇ ದಿನ ಅಪ್ಪನ ಜೊತೆ ತೋಟಕ್ಕೆ ಹೊರಟೆ. ಮನೆಯಿಂದ ನಾಲ್ಕು ಲೈಟ್ ಕಂಬ ದಾಟಿದರೆ ಮೋರಿ. ಅಲ್ಲಿ ಅಪ್ಪ ನಿಂತ. ದಾರಿಯಲ್ಲಿ ಹೋಗ್ತಿದ್ದ ಯಾರನ್ನೋ ಮಾತಾಡಿಸಿದ. ಮೂರು ನಿಮಿಷ ಬಿಟ್ಟು ಹೊರಟೆವು. ಇನ್ನು ನಾಲ್ಕು ಕಂಬ ಆದಮೇಲೆ ಅರಳಿಮರದ ಕಟ್ಟೆ. ಮತ್ತೆ ನಿಂತ. ಅಲ್ಲಿ ಮಾತಾಡಿಸೋಕೆ ಯಾರೂ ಇರಲಿಲ್ಲ. ಸುಮ್ಮನೆ ಮರ ನೋಡ್ತಾ ನಿಂತಿದ್ದ.

"ಯಾಕಪ್ಪಾ?"

"ಏನಿಲ್ಲ. ಮೀನಖಂಡ ಹಿಡೀತು. ಈಗ ಬಿಡುತ್ತೆ ಇರು."

ಬಗ್ಗಿ ಕಾಲು ಮುಟ್ಟಿ ನೋಡಿದೆ. ಗಂಟು ಹುಡುಕಿದೆ. ಇರಲಿಲ್ಲ. ಮೀನಖಂಡ ಮೆತ್ತಗಿತ್ತು, ಹತ್ತಿಯ ಹಾಗೆ. ನನಗಾದಾಗ ಕಲ್ಲಾಗಿರುತ್ತಿತ್ತಲ್ಲ? ಪಾದ ಮುಟ್ಟಿದೆ, ತಣ್ಣಗಿತ್ತು. ಬೇಸಿಗೆಯ ಬಿಸಿಲಲ್ಲಿ ನಡೆದು ಬಂದ ಕಾಲು! ಮೊಣಕಾಲಿನ ಕೆಳಗೆ ಒಂದು ಕೂದಲೂ ಇಲ್ಲದೆ ಚರ್ಮ ನುಣ್ಣಗೆ ಹೊಳೀತಿತ್ತು. ಇದು ನನ್ನ ಕಾಯಿಲೆ ಅಲ್ಲ ಅಂತ ಅಷ್ಟು ಹೊತ್ತಿಗೆ ನನ್ನ ದಪ್ಪ ತಲೆಗೂ ಹೊಳೆಯಿತು.

ಎರಡೇ ದಿನದಲ್ಲಿ ಬೆಂಗಳೂರಿಗೆ ಕರೆದುಕೊಂಡು ಬಂದೆ. ಇಲ್ಲಿನ ಡಾಕ್ಟರು ಕೇಳಿದ ಮೊದಲನೇ ಪ್ರಶ್ನೆ, "ನಡೆಯುವಾಗ ಬರುತ್ತಾ, ಮಲಗಿದ್ದಾಗ ಬರುತ್ತಾ?"

ಐದು ತಿಂಗಳಲ್ಲಿ, ಇಪ್ಪತ್ತು ಭಾನುವಾರಗಳಲ್ಲಿ, ನಾನು ಒಂದು ಸಲವೂ ಕೇಳದ ಪ್ರಶ್ನೆ.

ಬಿಪಿ ನೋಡೋ ಪಟ್ಟಿಯನ್ನು ತೋಳಿಗೂ ಕಟ್ಟಿದರು, ಕಣಕಾಲಿಗೂ ಕಟ್ಟಿದರು. ಎರಡೂ ಹೆಚ್ಚುಕಮ್ಮಿ ಸಮ ಇರಬೇಕು. ಕಾಲಿನದನ್ನು ತೋಳಿನದರಿಂದ ಭಾಗಿಸಿದರೆ 0.9ಕ್ಕಿಂತ ಕಡಿಮೆ ಬರಬಾರದು. ಅಪ್ಪನದು ಬಲಗಾಲು 0.6, ಎಡಗಾಲು ಅದಕ್ಕಿಂತ ಸ್ವಲ್ಪ ಮೇಲೆ. ಕಾಲಿಗೆ ರಕ್ತ ಒಯ್ಯೋ ನಾಳ ಒಳಗಡೆ ಕೊಬ್ಬು ಕಟ್ಟಿ ಕಿರಿದಾಗಿದೆ. ಕೂತಾಗ ಸಾಲೋ ರಕ್ತ, ನಡೆಯುವಾಗ ಸಾಲಲ್ಲ. ಸ್ನಾಯು ಉಸಿರು ಕಟ್ಟಿದ ಹಾಗಾಗಿ ನೋಯುತ್ತೆ, ನಿಂತರೆ ಮೂರು ನಾಲ್ಕು ನಿಮಿಷಕ್ಕೆ ಹೋಗುತ್ತೆ. ಜರ್ಮನ್ನರು ಇದಕ್ಕೆ ಅಂಗಡಿ ಕಿಟಕಿ ಕಾಯಿಲೆ ಅಂತ ಹೆಸರಿಟ್ಟಿದ್ದಾರೆ, ನೋವು ಬಂದಾಗ ಜನ ಅಂಗಡಿಯ ಗಾಜಿನೊಳಗೆ ನೋಡೋ ನೆಪದಲ್ಲಿ ನಿಲ್ತಾರೆ ಅಂತ. ನಮ್ಮೂರಲ್ಲಿ ಗಾಜಿನ ಅಂಗಡಿ ಇಲ್ಲ, ಮೋರಿ ಇತ್ತು. ಅಪ್ಪ ಎಲ್ಲರನ್ನೂ ನಿಂತು ಮಾತಾಡಿಸ್ತಾನೆ ಅಂತ ಊರಲ್ಲಿ ಒಳ್ಳೇ ಹೆಸರು ಬೇರೆ.

ನಮ್ಮ ಭಾಷೆಯಲ್ಲಿ ಎರಡಕ್ಕೂ ಒಂದೇ ಮಾತು, ಮೀನಖಂಡ ಹಿಡಿಯುತ್ತೆ. ಎರಡು ಬೇರೆ ಬೇರೆ ಬಗ್, ಒಂದೇ ಎರರ್ ಮೆಸೇಜ್. ನಾನು ಡೂಪ್ಲಿಕೇಟ್ ಅಂತ ಬರೆದು ಟಿಕೆಟ್ ಕ್ಲೋಸ್ ಮಾಡಿದ್ದೆ.

"ಇನ್ನೂ ತಡ ಮಾಡಿದ್ದರೆ?" ಅಂತ ಡಾಕ್ಟರನ್ನ ಒಬ್ಬನೇ ಹೋಗಿ ಕೇಳಿದೆ. ಶುಗರ್ ಇರೋ ಕಾಲಿಗೆ ರಕ್ತವೂ ಸರಿಯಾಗಿ ಬರದಿದ್ದಾಗ ಒಂದು ಸಣ್ಣ ಮುಳ್ಳು ಚುಚ್ಚಿದ ಗಾಯವೂ ಮಾಯದೆ ಕೊಳೆಯಬಹುದು, ಬೆರಳು, ಪಾದ ತೆಗೆಯೋವರೆಗೂ ಹೋಗಬಹುದು ಅಂದರು. ಅಪ್ಪ ತೋಟದಲ್ಲಿ ಬರಿಗಾಲಲ್ಲಿ ಓಡಾಡೋನು. ಇನ್ನೊಂದು ಮಾತೂ ಹೇಳಿದರು. ಕಾಲಿನ ನಾಳ ಹೀಗಿದ್ದರೆ ಹೃದಯದ್ದೂ ಹೀಗಿರೋ ಸಾಧ್ಯತೆ ಹೆಚ್ಚು. ಅದನ್ನೂ ಪರೀಕ್ಷೆ ಮಾಡಿಸಿದೆವು. ಸದ್ಯ, ಅದು ಪರವಾಗಿಲ್ಲ.

ಆಪರೇಷನ್ ಈಗಲೇ ಬೇಡ ಅಂದರು. ಕೊಬ್ಬಿಗೊಂದು ಮಾತ್ರೆ, ರಕ್ತ ಹೆಪ್ಪುಗಟ್ಟದ ಹಾಗೆ ಒಂದು ಮಾತ್ರೆ, ಶುಗರ್ ಹಿಡಿತದಲ್ಲಿರಬೇಕು, ಬೀಡಿ ಇವತ್ತೇ ನಿಲ್ಲಬೇಕು. ಇವೆಲ್ಲದರ ಜೊತೆಗೆ ನಡಿಗೆ! ನಡೆದರೆ ನೋಯೋ ಕಾಯಿಲೆಗೆ ನಡೆಯೋದೇ ಮದ್ದು. ನೋವು ಜೋರಾಗೋವರೆಗೂ ನಡೆಯೋದು, ನಿಲ್ಲೋದು, ಪೂರ್ತಿ ಹೋದಮೇಲೆ ಮತ್ತೆ ನಡೆಯೋದು. ದಿನಕ್ಕೆ ಅರ್ಧ ಮುಕ್ಕಾಲು ಗಂಟೆ, ವಾರಕ್ಕೆ ಮೂರು ದಿನವಾದರೂ, ಮೂರು ತಿಂಗಳು. ಸ್ನಾಯು ಇರೋ ರಕ್ತದಲ್ಲೇ ಹೆಚ್ಚು ದೂರ ಹೋಗೋದನ್ನ ಕಲಿಯುತ್ತಂತೆ.

ವಾಪಸ್ ಊರಿಗೆ ಬಿಡೋಕೆ ಹೋಗುವಾಗ ಬಸ್ಸಿನಲ್ಲಿ ಕೇಳಿದೆ, "ಕಡಿಮೆ ಆಗೈತೆ ಅಂತ ಯಾಕಪ್ಪಾ ಹೇಳ್ತಿದ್ದೆ?"

ಕಿಟಕಿ ಕಡೆ ನೋಡ್ತಾ ಅಂದ, "ಅಷ್ಟು ಚೆನ್ನಾಗಿ ಹೇಳಿಕೊಡ್ತಿದ್ದೆಯಲ್ಲೋ. ತೋಟಕ್ಕೆ ಹೋಗೋದು ಕಮ್ಮಿ ಮಾಡಿದ್ದೆ. ಕಮ್ಮಿ ನಡೆದರೆ ಕಮ್ಮಿ ನೋಯುತ್ತಲ್ಲ, ಸುಳ್ಳೇನೂ ಅಲ್ಲ."

ಮೆಗ್ನೀಸಿಯಂ ಡಬ್ಬಿ ಖಾಲಿಯಾಗಿತ್ತು. ಒಂದನ್ನೂ ತಪ್ಪಿಸದೆ ನುಂಗಿದ್ದಾನೆ.

ಇದಾಗಿ ಮೂರು ತಿಂಗಳಾಯಿತು. ಬೀಡಿ ಬಿಟ್ಟಿದೀನಿ ಅಂತಾನೆ. ಅಮ್ಮ ಪಕ್ಕದಿಂದ, "ಮನೇಲಿ ಬಿಟ್ಟವ್ರೆ" ಅಂತಾಳೆ. ಅದಿನ್ನೂ ಜಗಳದಲ್ಲಿದೆ. ಚಪ್ಪಲಿ ಹಾಕ್ಕೊಂಡೇ ತೋಟಕ್ಕೆ ಹೋಗ್ತಾನೆ. ಭಾನುವಾರ ಈಗಲೂ ಫೋನ್ ಮಾಡ್ತೀನಿ, ಆದರೆ ಹೆಂಗಿದೆ ಅಂತ ಕೇಳಲ್ಲ. ಎಷ್ಟು ಕಂಬ ಅಂತ ಕೇಳ್ತೀನಿ. ಏಪ್ರಿಲ್‌ನಲ್ಲಿ ನಾಲ್ಕು ಇತ್ತು. ಮೇ ಕೊನೆಗೆ ಆರು. ಮೊನ್ನೆ, "ಒಂಬತ್ತು" ಅಂದ. ಅರಳಿಕಟ್ಟೆ ದಾಟಿದ ಹಾಗಾಯ್ತು. ನಿಜ ತಾನೇ ಅಂತ ಅಮ್ಮನ ಕೈಲಿ ಫೋನ್ ಕೊಡಿಸಿ ಇನ್ನೊಂದು ಸಲ ಕೇಳಿದೆ.